ದಿನಸಿ ಚೀಟಿ ಹೇಳುವ ಆರೋಗ್ಯ

ಎಲ್ಲರಿಗೂ ನಮಸ್ಕಾರ. ಶುಗರ್ ರಿಪೋರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೀರುವಿನಲ್ಲಿ ಜೋಪಾನ ಮಾಡಿದವರು ಇಲ್ಲಿ ಬಹಳ ಜನ ಇದ್ದೀರಿ. ಹೋದ ತಿಂಗಳ ದಿನಸಿ ಚೀಟಿಯನ್ನು ಹಾಗೆ ಎತ್ತಿಟ್ಟವರು ಮಾತ್ರ ಯಾರೂ ಇರಲಿಕ್ಕಿಲ್ಲ. ಇವತ್ತಿನ ಮಾತೆಲ್ಲ ಆ ಚೀಟಿಯ ಮೇಲೆ. ರಕ್ತದ ರಿಪೋರ್ಟು ಒಬ್ಬರ ಸುದ್ದಿ ಹೇಳುತ್ತದೆ, ಅದೂ ಆಗಿಹೋದ ಮೇಲೆ. ಚೀಟಿ ಇಡೀ ಮನೆಯ ಸುದ್ದಿಯನ್ನು ಮೊದಲೇ ಹೇಳುತ್ತದೆ. ಅದನ್ನು ಓದುವುದಕ್ಕೆ ಒಂದು ಭಾಗಾಕಾರ ಗೊತ್ತಿದ್ದರೆ ಸಾಕು.

ಮನೆಯಲ್ಲಿ ನಾಲ್ಕು ಜನ, ತಿಂಗಳಿಗೆ 30 ದಿನ. ನಾಲ್ಕು ಮೂವತ್ತಲೆ 120. ತಿಂಗಳಲ್ಲಿ ಮುಗಿದ ಪ್ರತಿಯೊಂದು ಸಾಮಾನನ್ನೂ ಗ್ರಾಂ ಲೆಕ್ಕಕ್ಕೆ ತಂದು 120ರಿಂದ ಭಾಗಿಸಿದರೆ ಒಬ್ಬರಿಗೆ ಒಂದು ದಿನಕ್ಕೆ ಎಷ್ಟು ಹೋಗಿದೆ ಅಂತ ಸಿಗುತ್ತದೆ. ಐದು ಜನ ಇದ್ದರೆ 150. ಮಧ್ಯಾಹ್ನದ ಊಟ ಆಫೀಸಿನ ಕ್ಯಾಂಟೀನಿನಲ್ಲಿ ಮಾಡುವವರಿದ್ದರೆ ಅವರನ್ನು ಮುಕ್ಕಾಲು ಆಳು ಅಂತ ಹಿಡಿಯಿರಿ. ಚಿಕ್ಕ ಮಕ್ಕಳನ್ನು ಅರ್ಧ ಆಳು. ಇದೇನು ಅಕ್ಕಸಾಲಿಗನ ತಕ್ಕಡಿ ಅಲ್ಲ, ಅಂದಾಜು ಸಾಕು.

ಒಂದು ಮಾದರಿ ಚೀಟಿ ಇಟ್ಟುಕೊಳ್ಳೋಣ. ಮೈಸೂರು, ಮಂಡ್ಯ, ಬೆಂಗಳೂರು ಕಡೆಯ ನಾಲ್ಕು ಜನರ ಸಸ್ಯಾಹಾರಿ ಮನೆ. ಅಕ್ಕಿ 25 ಕೆಜಿ, ರಾಗಿಹಿಟ್ಟು 5, ಗೋಧಿಹಿಟ್ಟು 5, ರವೆ 2, ಅವಲಕ್ಕಿ 1. ತೊಗರಿಬೇಳೆ 2 ಕೆಜಿ, ಉದ್ದಿನಬೇಳೆ 1, ಕಡಲೆಬೇಳೆ ಅರ್ಧ, ಹೆಸರುಬೇಳೆ ಅರ್ಧ. ಎಣ್ಣೆ 5 ಲೀಟರ್, ತುಪ್ಪ ಅರ್ಧ ಕೆಜಿ. ಸಕ್ಕರೆ 4 ಕೆಜಿ, ಬೆಲ್ಲ 1. ಉಪ್ಪು 1 ಕೆಜಿ. ನೋಡಿದರೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಉಂಡು ತಿಂದು ಚೆನ್ನಾಗಿರುವ ಮನೆಯ ಚೀಟಿ ಇದ್ದ ಹಾಗೇ ಇದೆ.

ಈಗ ಭಾಗಿಸಿ. ಅಕ್ಕಿ, ರಾಗಿ, ಗೋಧಿ ಎಲ್ಲ ಸೇರಿ 38 ಕೆಜಿ, ಅಂದರೆ ಒಬ್ಬರಿಗೆ ದಿನಕ್ಕೆ 317 ಗ್ರಾಂ. ಬೇಳೆ 4 ಕೆಜಿ, ಒಬ್ಬರಿಗೆ 33 ಗ್ರಾಂ. ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ತುಪ್ಪ ಸೇರಿಸಿದರೆ ಒಬ್ಬರಿಗೆ 42 ಗ್ರಾಂ. ಸಕ್ಕರೆ, ಬೆಲ್ಲ ಸೇರಿ ಒಬ್ಬರಿಗೆ ಸುಮಾರು 42 ಗ್ರಾಂ. ಉಪ್ಪು 8 ಗ್ರಾಂ ಚಿಲ್ಲರೆ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಭಾರತೀಯರಿಗೆ ಹೊಸ ಆಹಾರ ಮಾರ್ಗಸೂಚಿ ಕೊಟ್ಟಿದೆ. ದಿನಕ್ಕೆ 2000 ಕ್ಯಾಲೊರಿ ಬೇಕಾದ ವಯಸ್ಕರಿಗೆ ಅದರ ಪ್ರಕಾರ, ಎಲ್ಲವೂ ಬೇಯಿಸುವ ಮುಂಚಿನ ತೂಕದಲ್ಲಿ, ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ (ಮೊಟ್ಟೆ ಮಾಂಸ ತಿನ್ನುವವರಿಗೆ ಅವೂ ಇದರಲ್ಲೇ ಸೇರಿದವು), ತರಕಾರಿ 400, ಹಣ್ಣು 100, ಹಾಲು ಅಥವಾ ಮೊಸರು 300 ಮಿಲಿ, ಶೇಂಗಾ, ಎಳ್ಳಿನಂಥವು 35, ಎಣ್ಣೆ ತುಪ್ಪ 27 ಗ್ರಾಂ. ಇದನ್ನು ನಮ್ಮ ಮಾದರಿ ಚೀಟಿಯ ಪಕ್ಕದಲ್ಲಿಟ್ಟು ನೋಡಿ. ಧಾನ್ಯ ಕಾಲು ಭಾಗ ಜಾಸ್ತಿ, ಎಣ್ಣೆ ಒಂದೂವರೆ ಪಟ್ಟು, ಬೇಳೆ ಅರ್ಧಕ್ಕಿಂತ ಕಡಿಮೆ. ಹೊಟ್ಟೆ ಬರುವುದು, ಮಧ್ಯಾಹ್ನ ಮೂರಕ್ಕೆ ತೂಕಡಿಕೆ, ಸಂಜೆ ಐದಕ್ಕೆ ಬಿಸ್ಕತ್ ಡಬ್ಬ ತಡಕುವುದು, ಇವುಗಳ ಬೇರು ಬಹುಮಟ್ಟಿಗೆ ಈ ಮೂರು ಸಾಲಿನಲ್ಲೇ ಇದೆ.

ಬೇಳೆ ಎಲ್ಲಿ ಹೋಯಿತು

"ನಮ್ಮನೇಲಿ ದಿನಾ ಸಾರು, ಹುಳಿ ಮಾಡ್ತೀವಲ್ಲ, ಬೇಳೆ ತಿಂದೇ ತಿಂತೀವಿ" ಅಂತ ಎಲ್ಲರೂ ಹೇಳುತ್ತಾರೆ. ಸಾರಿನ ಪಾತ್ರೆಯೊಳಗೆ ಒಮ್ಮೆ ಇಣುಕಿ ನೋಡೋಣ. ನಾಲ್ಕು ಜನರ ತಿಳಿಸಾರಿಗೆ ಹಾಕುವುದು ಒಂದೆರಡು ಹಿಡಿ ಬೇಳೆ, 50 ಗ್ರಾಂ ಅಂತಿಟ್ಟುಕೊಳ್ಳಿ. ತೊಗರಿಬೇಳೆಯಲ್ಲಿ ಪ್ರೋಟೀನು ಸುಮಾರು ನೂರಕ್ಕೆ 22 ಗ್ರಾಂ. ಹಾಗಾದರೆ ಒಬ್ಬರ ತಟ್ಟೆಗೆ ಬಂದದ್ದು ಮೂರು ಗ್ರಾಂಗೂ ಕಡಿಮೆ ಪ್ರೋಟೀನು. ಗಟ್ಟಿ ಹುಳಿಗೆ 100 ಗ್ರಾಂ ಬೇಳೆ ಹಾಕಿದರೂ ಒಬ್ಬರಿಗೆ ಐದೂವರೆ ಗ್ರಾಂ.

ಬೇಕಾದದ್ದು ಎಷ್ಟು? ಒಂದು ಕೆಜಿ ದೇಹತೂಕಕ್ಕೆ ದಿನಕ್ಕೆ 0.83 ಗ್ರಾಂ. 60 ಕೆಜಿ ಇರುವವರಿಗೆ 50 ಗ್ರಾಂ. ಇದರಲ್ಲಿ 250 ಗ್ರಾಂ ಧಾನ್ಯದಿಂದ 20 ಗ್ರಾಂ ಬರುತ್ತದೆ, 300 ಮಿಲಿ ಹಾಲು ಮೊಸರಿನಿಂದ ಸುಮಾರು 10. ಉಳಿದ 20 ಗ್ರಾಂ ಎಲ್ಲಿಂದ? 85 ಗ್ರಾಂ ಬೇಳೆಕಾಳಿನಲ್ಲಿ ಹೆಚ್ಚುಕಮ್ಮಿ ಅಷ್ಟೇ ಪ್ರೋಟೀನಿದೆ. ಆ 85 ಅನ್ನುವ ಅಂಕಿ ಸುಮ್ಮನೆ ಬಂದದ್ದಲ್ಲ.

ಹಾಗಂತ ಸಾರಿಗೇ ಕಾಲು ಕೆಜಿ ಬೇಳೆ ಸುರಿದರೆ ಯಾರೂ ಬಾಯಿಗಿಡುವುದಿಲ್ಲ. ಬೇಳೆಯ ಜೊತೆಗೆ ಕಾಳು ಬರಬೇಕು, ಮತ್ತು ಕಾಳು ಸಾರಿನ ತಳದಲ್ಲಿ ಬಿದ್ದಿರದೆ ತಟ್ಟೆಯಲ್ಲಿ ಕಣ್ಣಿಗೆ ಕಾಣಬೇಕು. ನಮ್ಮ ಅಡುಗೆಗೆ ಇದು ಹೊಸದೇನಲ್ಲ. ಹಳೇ ಮೈಸೂರಿನ ಬಸ್ಸಾರು ಇದೆ: ಕಾಳು, ಸೊಪ್ಪು ಬೇಯಿಸಿ ಬಸಿದು, ಬಸಿದ ಕಟ್ಟಿನಲ್ಲಿ ಸಾರು, ಬಸಿದ ಕಾಳು ಸೊಪ್ಪಿನಲ್ಲಿ ಪಲ್ಯ. ಉತ್ತರ ಕರ್ನಾಟಕದಲ್ಲಿ ರೊಟ್ಟಿಯ ಜೊತೆ ಕಾಳುಪಲ್ಯ ಇಲ್ಲದ ಊಟವೇ ಅಪರೂಪ. ಕರಾವಳಿಯಲ್ಲಿ ಹುರುಳಿ ಸಾರು. ಮಾಗಿ ಕಾಲದಲ್ಲಿ ಅವರೆಕಾಳು. ಇವೆಲ್ಲ ವಾರದ ಒಂದು ದಿನದ ಅಡುಗೆಯಾಗಿ ಹೋಗಿರುವುದಕ್ಕೆ ಒಂದೇ ಕಾರಣ, ಹಿಂದಿನ ರಾತ್ರಿ ನೆನೆಹಾಕುವುದು ಮರೆತುಹೋಗುತ್ತದೆ.

ಆದ್ದರಿಂದ ಅಭ್ಯಾಸ ಮಾಡಿಕೊಳ್ಳಬೇಕಾದದ್ದು ರಾತ್ರಿ ಪಾತ್ರೆ ತೊಳೆದ ಮೇಲೆ ಒಂದು ಬಟ್ಟಲು ಕಾಳು ನೆನೆಹಾಕುವುದು. ನಾಲ್ಕು ಜನಕ್ಕೆ 200 ಗ್ರಾಂ, ಅಂದರೆ ದೊಡ್ಡ ಲೋಟದಲ್ಲಿ ಒಂದು. ಹೆಸರುಕಾಳಿಗೆ 6 ರಿಂದ 8 ಗಂಟೆ ಸಾಕು. ಕಡಲೆಕಾಳು, ಅಲಸಂದೆ, ಹುರುಳಿಗೆ 10 ರಿಂದ 12 ಗಂಟೆ ಬೇಕು. ಬೆಳಿಗ್ಗೆ ನೆನೆದ ನೀರು ಚೆಲ್ಲಿ, ಎರಡು ಸಲ ತೊಳೆದು, ಹೊಸ ನೀರಿನಲ್ಲಿ ಬೇಯಿಸಿ. ಹೊಟ್ಟೆಯುಬ್ಬರ ಬರಿಸುವ ಸಕ್ಕರೆ ಜಾತಿಯ ಅಂಶಗಳು ಸಾಕಷ್ಟು ಆ ಚೆಲ್ಲಿದ ನೀರಿನಲ್ಲೇ ಹೋಗುತ್ತವೆ. "ಕಾಳು ನಮಗೆ ಆಗಲ್ಲ, ಗ್ಯಾಸ್" ಅನ್ನುವ ಮನೆಗಳಲ್ಲಿ ಕೇಳಿ ನೋಡಿ: ಎರಡು ಗಂಟೆ ಬಿಸಿನೀರಲ್ಲಿ ನೆನೆಸಿ ಅದೇ ನೀರಲ್ಲಿ ಕುಕ್ಕರಿಗಿಟ್ಟಿರುತ್ತಾರೆ. ಇನ್ನೊಂದು ತಪ್ಪು, ತಿಂಗಳುಗಟ್ಟಲೆ ತಿನ್ನದವರು ಒಮ್ಮೆಲೇ ದೊಡ್ಡ ಬಟ್ಟಲು ತಿನ್ನುವುದು. ಮೊದಲ ವಾರ ಎರಡು ಚಮಚ, ಮುಂದಿನ ವಾರ ನಾಲ್ಕು. ಹೊಟ್ಟೆ ತಾನಾಗಿ ಒಗ್ಗಿಕೊಳ್ಳುತ್ತದೆ.

ಮೊಳಕೆ ಬೇಕಿದ್ದರೆ ನೆನೆದ ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ 10 ರಿಂದ 12 ಗಂಟೆ ಇಡಿ. ಬೇಸಗೆಯಲ್ಲಿ ಬಟ್ಟೆ ಹಿಂಡಿಯೇ ಕಟ್ಟಬೇಕು. ನೀರು ನಿಂತರೆ ಲೋಳೆಯಾಗಿ ವಾಸನೆ ಬರುತ್ತದೆ, ಅದನ್ನು ಎಸೆಯಿರಿ. ವಯಸ್ಸಾದವರಿಗೆ, ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಹಸಿ ಮೊಳಕೆ ಬೇಡ, ಬೇಯಿಸಿಯೇ ಕೊಡಿ.

ಈಗ ಚೀಟಿ ತಿದ್ದೋಣ. ಅಕ್ಕಿ 25ರಿಂದ 20ಕ್ಕೆ, ಗೋಧಿ 4ಕ್ಕೆ, ರವೆ ಅವಲಕ್ಕಿ ಸೇರಿ 1ಕ್ಕೆ ಇಳಿಸಿ. ರಾಗಿ 5 ಹಾಗೇ ಇರಲಿ. ಒಟ್ಟು 30 ಕೆಜಿ. ಬೇಳೆಯ 4 ಕೆಜಿ ಇದ್ದಂತೇ ಇರಲಿ, ಕೆಳಗೆ ಹೊಸ ಸಾಲು ಬರೆಯಿರಿ: ಹೆಸರುಕಾಳು 2, ಕಡಲೆಕಾಳು 2, ಹುರುಳಿ 1, ಅಲಸಂದೆ 1. ವಾರಕ್ಕೆ ಮೂರ್ನಾಲ್ಕು ದಿನ ಮೊಟ್ಟೆ, ಮೀನು, ಕೋಳಿ ಮಾಡುವ ಮನೆಯಲ್ಲಿ ಈ ಆರು ಕೆಜಿ ಮೂರಕ್ಕೆ ಇಳಿಯಬಹುದು. ಖರ್ಚಿನ ಮಾತು ಬಂದೇ ಬರುತ್ತದೆ. ಇದೇ ಚೀಟಿಯಲ್ಲಿ ಎರಡು ಲೀಟರ್ ಎಣ್ಣೆ, ಎರಡು ಕೆಜಿ ಸಕ್ಕರೆ ಇಳಿಯುವುದಿದೆ, ಅದರ ಜೊತೆ ಬಿಸ್ಕತ್ ಪೊಟ್ಟಣಗಳು. ಕಾಳಿನ ದುಡ್ಡಿನ ಒಂದು ಪಾಲು ಅಲ್ಲೇ ಹುಟ್ಟುತ್ತದೆ.

ರಾಗಿಯ ಬಗ್ಗೆ ಒಂದು ಮಾತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹತ್ತೂ ಇಲ್ಲ. ಬೆಳೆಯುವ ಮಕ್ಕಳಿರುವ ಮನೆಯಲ್ಲಿ, ಮುಟ್ಟು ನಿಂತ ಹೆಂಗಸರಿರುವ ಮನೆಯಲ್ಲಿ ಮುದ್ದೆಯೋ ರೊಟ್ಟಿಯೋ ದಿನಕ್ಕೊಮ್ಮೆ ಇರಲಿ. ಆದರೆ "ಶುಗರ್ ಇರೋರು ಮುದ್ದೆ ಎಷ್ಟು ತಿಂದರೂ ಆಗುತ್ತೆ" ಅನ್ನುವುದು ಸುಳ್ಳು. ರಾಗಿಯೂ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟಿನ ಎರಡು ದೊಡ್ಡ ಮುದ್ದೆ ತಿಳಿಸಾರಿನಲ್ಲಿ ನುಂಗಿದರೆ ಸಕ್ಕರೆ ಏರುತ್ತದೆ. ಒಂದು ಮುದ್ದೆ, ಜೊತೆಗೆ ಕಾಳು, ಸೊಪ್ಪು ಇದ್ದರೆ ಏರುವುದು ನಿಧಾನ. ಬೆಲ್ಲ ಹಾಕಿದ ರಾಗಿ ಮಾಲ್ಟು ಬೇರೆಯದೇ ಲೆಕ್ಕ. ಅದು ಸಿಹಿಯ ಖಾತೆಗೆ ಹೋಗಬೇಕು.

ಉಪ್ಪಿನ ಡಬ್ಬ

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ತಲೆ ಸವರಿದ ಒಂದು ಟೀ ಚಮಚ ಪುಡಿ ಉಪ್ಪು. ಆ ಒಂದು ಚಮಚದಲ್ಲಿ ಬೆಳಗಿನ ಉಪ್ಪಿಟ್ಟಿನಿಂದ ರಾತ್ರಿಯ ಮಜ್ಜಿಗೆವರೆಗೆ ಎಲ್ಲವೂ ಬರಬೇಕು. ನಾಲ್ಕು ಜನಕ್ಕೆ ತಿಂಗಳಿಗೆ 600 ಗ್ರಾಂ. ಕೆಜಿ ಪ್ಯಾಕೆಟ್ಟು 50 ದಿನ ಬರಬೇಕು.

ಪ್ಯಾಕೆಟ್ ಒಡೆದು ಡಬ್ಬಕ್ಕೆ ಸುರಿದ ದಿನ ಒಂದು ಚೀಟಿಯಲ್ಲಿ ತಾರೀಖು ಬರೆದು ಡಬ್ಬಕ್ಕೆ ಅಂಟಿಸಿ. ಖಾಲಿಯಾದ ದಿನ ಎಣಿಸಿ. ಮೂವತ್ತು ದಿನಕ್ಕೇ ಖಾಲಿಯಾದರೆ ಒಬ್ಬರಿಗೆ 8 ಗ್ರಾಂ ದಾಟಿದೆ. ಸ್ವಲ್ಪ ಚೆಲ್ಲಿಹೋಗಿರಬಹುದು, ಬೇರೆ ಕೆಲಸಕ್ಕೂ ಹೋಗಿರಬಹುದು, ಸರಿ. ಆದರೆ ಇದರಲ್ಲಿ ಇನ್ನೂ ಸೇರದೇ ಇರುವುದನ್ನೂ ನೆನೆಯಿರಿ: ವರ್ಷಕ್ಕೊಮ್ಮೆ ಹಾಕಿಟ್ಟ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕ, ಕರಾವಳಿಯಾದರೆ ಒಣಮೀನು, ಬೇಕರಿಯ ಖಾರ, ಬ್ರೆಡ್ಡು, ಹೋಟೆಲಿನ ದೋಸೆ. ಉಪ್ಪಿನಕಾಯಿಯ ನೂರು ಗ್ರಾಂನಲ್ಲಿ 10 ರಿಂದ 15 ಗ್ರಾಂ ಉಪ್ಪೇ ಇರುತ್ತದೆ. ಊಟದೆಲೆಯ ತುದಿಗೆ ಒಂದು ದೊಡ್ಡ ಚಮಚ ಹಾಕಿಕೊಂಡರೆ ಹತ್ತಿರ ಹತ್ತಿರ 2 ಗ್ರಾಂ ಅಲ್ಲೇ ಮುಗಿಯಿತು.

ಪೊಟ್ಟಣದ ತಿಂಡಿಗಳ ಮೇಲೆ ಉಪ್ಪು ಅಂತ ಬರೆದಿರುವುದಿಲ್ಲ, ಸೋಡಿಯಂ ಅಂತ ಇರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿ. ನೂರು ಗ್ರಾಂಗೆ 1000 ಮಿಲಿಗ್ರಾಂ ಸೋಡಿಯಂ ಎಂದರೆ 2.5 ಗ್ರಾಂ ಉಪ್ಪು.

ಉಪ್ಪು ಕಡಿಮೆ ಮಾಡಲು ಹೊರಟವರು ಸೋಲುವುದು ಒಂದೇ ರೀತಿಯಲ್ಲಿ. ಡಾಕ್ಟರು ಹೇಳಿದ ದಿನವೇ ಅರ್ಧಕ್ಕೆ ಇಳಿಸುತ್ತಾರೆ, ಮೂರನೆಯ ದಿನ ಮನೆಯವರೆಲ್ಲ ಊಟದ ಮಧ್ಯೆ ಡಬ್ಬ ಕೇಳುತ್ತಾರೆ, ಆಮೇಲೆ ಯಜಮಾನರಿಗೆ ಒಂದು ಅಡುಗೆ, ಉಳಿದವರಿಗೆ ಒಂದು ಅಡುಗೆ. ಎರಡು ಅಡುಗೆ ಯಾವ ಮನೆಯಲ್ಲೂ ಬಹಳ ದಿನ ನಡೆಯುವುದಿಲ್ಲ. ನಿಧಾನವಾಗಿ ಇಳಿಸಿದರೆ ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಮೊದಲ ವಾರ ಏನನ್ನೂ ಕಡಿಮೆ ಮಾಡಬೇಡಿ, ಕೈಯಳತೆಯನ್ನು ಚಮಚಕ್ಕೆ ತನ್ನಿ ಅಷ್ಟೆ: ಅಡುಗೆ ಮಾಡುವವರು ಎಂದಿನಂತೆ ಕೈಗೆ ತೆಗೆದುಕೊಂಡ ಉಪ್ಪನ್ನು ಚಮಚಕ್ಕೆ ಸುರಿದು ನೋಡಿ ಆಮೇಲೆ ಪಾತ್ರೆಗೆ ಹಾಕಲಿ. ಹುಳಿಗೆ ಎರಡೂವರೆ ಚಮಚ ಹೋಗುತ್ತಿದೆ ಅಂತ ತಿಳಿದರೆ ಮುಂದಿನ ವಾರ ಎರಡೂಕಾಲು. ಹೀಗೆ ವಾರಕ್ಕೆ ಹತ್ತನೇ ಒಂದು ಭಾಗದಂತೆ ಇಳಿಸುತ್ತ ಹೋದರೆ ಎರಡು ತಿಂಗಳೊಳಗೆ ಹಳೆಯ ಅಳತೆಯ ಸಾರೇ "ಉಪ್ಪುಪ್ಪು" ಅನ್ನಿಸುತ್ತದೆ. ಅನ್ನದ ನೀರಿಗೆ, ಚಪಾತಿ ಹಿಟ್ಟಿಗೆ, ಮುದ್ದೆಗೆ, ಮಜ್ಜಿಗೆಗೆ ಹಾಕುವುದನ್ನು ಮೊದಲು ಬಿಡಿ. ಪಲ್ಯ, ಸಾರಿನಲ್ಲಿ ಇರುವುದೇ ಅವಕ್ಕೂ ಸಾಕು. ರುಚಿ ಸಪ್ಪೆಯಾಯಿತು ಅನ್ನಿಸಿದರೆ ನಿಂಬೆಹುಳಿ, ಹುರಿದ ಜೀರಿಗೆ ಮೆಣಸಿನ ಪುಡಿ, ಕೊತ್ತಂಬರಿ ಸೊಪ್ಪು. ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಿ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು, ಉಪ್ಪೆಲ್ಲ ತಳಕ್ಕಿಳಿದು, ಮೇಲಿನದು ಸಪ್ಪೆ ಅಂತ ಇನ್ನೊಂದು ಚಿಟಿಕೆ ಬೀಳುತ್ತದೆ.

ಸೋಡಿಯಂ ಕಡಿಮೆ ಇರುವ ಉಪ್ಪು ಅಂತ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿ ಒಂದಷ್ಟು ಭಾಗ ಪೊಟ್ಯಾಸಿಯಂ ಕ್ಲೋರೈಡ್. ವಿಶ್ವ ಆರೋಗ್ಯ ಸಂಸ್ಥೆಯೂ 2025ರಲ್ಲಿ ವಯಸ್ಕರಿಗೆ ಇದನ್ನು ಬಳಸಬಹುದು ಎಂದಿದೆ, ಆದರೆ ಕಿಡ್ನಿ ತೊಂದರೆ ಇರುವವರನ್ನು, ಬಸುರಿಯರನ್ನು, ಮಕ್ಕಳನ್ನು ಬಿಟ್ಟು. ಕೆಲವು ಬಿಪಿ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಮನೆಯಲ್ಲಿ ಅಂಥವರು ಒಬ್ಬರಿದ್ದರೂ ಡಾಕ್ಟರನ್ನು ಕೇಳದೆ ತರಬೇಡಿ, ಏಕೆಂದರೆ ಡಬ್ಬ ಒಂದೇ.

ಎಣ್ಣೆ, ಸಕ್ಕರೆ

ಎಣ್ಣೆಯ ಲೆಕ್ಕ ಸುಲಭ. 27 ಗ್ರಾಂ ಅಂದರೆ ಆರು ಟೀ ಚಮಚ. ನಾಲ್ಕು ಜನಕ್ಕೆ ತಿಂಗಳಿಗೆ ತುಪ್ಪ ಅರ್ಧ ಕೆಜಿ ಇಟ್ಟುಕೊಂಡರೆ ಎಣ್ಣೆಗೆ ಉಳಿಯುವುದು ಮೂರು ಲೀಟರ್. ಹೊರಗೆ ತಿನ್ನುವುದಿದ್ದರೆ ಎರಡೂವರೆ. ತಿಂಗಳ ಮೊದಲನೇ ತಾರೀಖು ಅಷ್ಟನ್ನೇ ಅಳೆದು ಅಡುಗೆಮನೆಯಲ್ಲಿಟ್ಟು ಉಳಿದ ಪ್ಯಾಕೆಟ್ಟುಗಳನ್ನು ಅಟ್ಟಕ್ಕೆ ಹಾಕಿ. ಡಬ್ಬದಿಂದ ನೇರ ಬಾಣಲೆಗೆ ಬಗ್ಗಿಸುವುದು ಬಿಟ್ಟು ಚಮಚ ಹಿಡಿದರೆ ಒಗ್ಗರಣೆಗೆ ಎರಡು ಚಮಚ ಧಾರಾಳ ಅಂತ ನಿಮಗೇ ಕಾಣುತ್ತದೆ. ಕರಿದ ಎಣ್ಣೆ ಉಳಿದರೆ ಸೋಸಿಟ್ಟು ಎರಡು ದಿನದೊಳಗೆ ಒಗ್ಗರಣೆಗೆ ಮುಗಿಸಿ. ಮತ್ತೆ ಕರಿಯಲು ಇಡಬೇಡಿ. ಕಪ್ಪಾಗಿ, ಅಂಟಂಟಾಗಿ, ಕಾಯಿಸಿದಾಗ ನೊರೆ ಬರುವ ಎಣ್ಣೆ ಕೆಟ್ಟಿದೆ ಅಂತಲೇ ಅರ್ಥ. ಯಾವ ಎಣ್ಣೆ ಒಳ್ಳೆಯದು ಅನ್ನುವ ಜಗಳಕ್ಕೆ ನಾವು ಬೇಕಿಲ್ಲದಷ್ಟು ಉಸಿರು ಕೊಡುತ್ತೇವೆ. ಶೇಂಗಾ, ಸೂರ್ಯಕಾಂತಿ, ಎಳ್ಳು, ಸಾಸಿವೆ, ತಿಂಗಳಿಗೊಂದು ಬದಲಿಸಿ. ಎಷ್ಟು ಎನ್ನುವುದು ಯಾವುದು ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆ.

ಸಕ್ಕರೆ, ಬೆಲ್ಲ, ಜೇನು ಎಲ್ಲ ಸೇರಿ ಒಬ್ಬರಿಗೆ 25 ಗ್ರಾಂ, ಅಂದರೆ ಐದು ಚಮಚ. ಲೋಟಕ್ಕೆರಡು ಚಮಚದ ಕಾಫಿ ಮೂರು ಸಲ ಕುಡಿದರೆ ಆರು ಚಮಚ. ಖಾತೆ ಮುಗಿದು ಸಾಲ ಶುರು. ಬೆಲ್ಲ ಸಕ್ಕರೆಯ ಒಳ್ಳೆಯ ತಮ್ಮನೇನಲ್ಲ, ಬಣ್ಣ ಬೇರೆ, ಕೆಲಸ ಅದೇ.

ಕಾಫಿಗೆ ಇನ್ನೊಂದು ತಕರಾರಿದೆ. ಊಟ ತಿಂಡಿಯ ಜೊತೆಗೇ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಹತ್ತುವುದು ಬಹಳ ಕಡಿಮೆಯಾಗುತ್ತದೆ. ಒಂದು ಗಂಟೆ ಅಂತರ ಬೇಕು. ಬದಲಿಗೆ ಅದೇ ಪಲ್ಯಕ್ಕೆ ನಿಂಬೆಹುಳಿ ಹಿಂಡಿದರೆ ಹತ್ತುವುದು ಹೆಚ್ಚುತ್ತದೆ. ಕರ್ನಾಟಕದಲ್ಲಿ 15 ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಇದರಲ್ಲಿ ತಟ್ಟೆಯ ಸರದಿಗೂ ಪಾಲಿದೆ. ಎಲ್ಲರಿಗೂ ಬಡಿಸಿ ಕೊನೆಗೆ ಕೂತವರ ತಟ್ಟೆಗೆ ಪಲ್ಯ ಮುಗಿದಿರುತ್ತದೆ, ಮೊಸರು ತಳಕ್ಕಿಳಿದಿರುತ್ತದೆ, ಅನ್ನ ಸಾರು ಮಾತ್ರ ಉಳಿದಿರುತ್ತದೆ. ಚೀಟಿಯ ಲೆಕ್ಕದಲ್ಲಿ ಒಬ್ಬರಿಗೆ 85 ಗ್ರಾಂ ಕಾಳು ಬಂತು ಅಂತ ನಾವು ಭಾಗಿಸಿ ಖುಷಿಪಟ್ಟರೆ ಆ ಭಾಗಾಕಾರ ಮನೆಯೊಡತಿಯ ತಟ್ಟೆಯಲ್ಲಿ ಸುಳ್ಳಾಗಿರುತ್ತದೆ. ಪಾತ್ರೆಗಳನ್ನು ಮಧ್ಯದಲ್ಲಿಟ್ಟು ಎಲ್ಲರೂ ಒಟ್ಟಿಗೆ ಕೂತು ಬಡಿಸಿಕೊಂಡರೆ ಮಾತ್ರ ಅದು ನಿಜವಾಗುತ್ತದೆ.

ತರಕಾರಿ ಚೀಟಿಯಲ್ಲಿ ಇರುವುದಿಲ್ಲ, ಸಂತೆಚೀಲದಲ್ಲಿರುತ್ತದೆ. ನಾಲ್ಕು ಜನಕ್ಕೆ ವಾರಕ್ಕೆ 11 ಕೆಜಿ ಬೇಕು, ಅದರಲ್ಲಿ ಕಾಲು ಭಾಗ ಸೊಪ್ಪು. ಆಲೂಗಡ್ಡೆಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಅದು ಅಕ್ಕಿಯ ನೆಂಟ. ಸೊಪ್ಪು ತರದಿರುವುದಕ್ಕೆ ಕಾರಣ ಬೆಲೆಯಲ್ಲ, ಬಿಡಿಸುವವರು ಯಾರು ಎನ್ನುವುದು. ಒಬ್ಬರಿಗೆ ಮುಕ್ಕಾಲು ಗಂಟೆಯ ಕೆಲಸ ನಾಲ್ಕು ಜನ ಕೂತರೆ ಹತ್ತು ನಿಮಿಷ. ಸಂಜೆ ಟಿವಿ ಮುಂದೆ ಮೊರದ ತುಂಬ ಸೊಪ್ಪು ಇಟ್ಟುಕೊಂಡು ಎಲ್ಲರೂ ಬಿಡಿಸಲಿ, ಗಂಡಸರೂ. ಬಿಡಿಸಿದ್ದನ್ನು ತೊಳೆಯದೆ ಒಣ ಹತ್ತಿಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ, ಎರಡು ಮೂರು ದಿನ ಬರುತ್ತದೆ. ತೊಳೆದಿಟ್ಟರೆ ಮಾರನೇ ದಿನಕ್ಕೇ ಕೊಳೆಯುತ್ತದೆ.

ರಾತ್ರಿ ಎಂಟರಿಂದ ಹತ್ತು

ಮನೆಯ ಎಷ್ಟೋ ಕೆಟ್ಟ ಅಭ್ಯಾಸಗಳು ಈ ಎರಡು ಗಂಟೆಯಲ್ಲಿ ಗಂಟು ಬಿದ್ದಿವೆ. ಊಟ ಹತ್ತಕ್ಕೆ, ಉಂಡ ಕೂಡಲೇ ಮಲಗುವುದು, ಕೈಯಲ್ಲಿ ಮೊಬೈಲು, ನಿದ್ದೆ ಹನ್ನೆರಡಕ್ಕೆ, ಬೆಳಿಗ್ಗೆ ತಿಂಡಿ ಬಿಟ್ಟು ಓಡುವುದು. ಒಂದು ಎಳೆ ಹಿಡಿದು ಎಳೆದರೆ ಉಳಿದದ್ದು ಬಿಚ್ಚಿಕೊಳ್ಳುತ್ತದೆ, ಆ ಎಳೆ ಊಟದ ಹೊತ್ತು. ಹತ್ತನ್ನು ಒಮ್ಮೆಲೇ ಎಂಟು ಮಾಡಬೇಡಿ. ನಾಲ್ಕು ದಿನಕ್ಕೆ ಹದಿನೈದು ನಿಮಿಷದಂತೆ ಹಿಂದಕ್ಕೆ ತನ್ನಿ. ತಿಂಗಳೊಪ್ಪತ್ತಿನಲ್ಲಿ ಎಂಟು ಗಂಟೆಗೆ ಬರುತ್ತೀರಿ. ಉಂಡ ಮೇಲೆ ಹತ್ತು ಹದಿನೈದು ನಿಮಿಷ ಮೆಲ್ಲಗೆ ಅಡ್ಡಾಡಿ. ಊಟದ ನಂತರ ಏರುವ ಸಕ್ಕರೆಯನ್ನು ಕಾಲಿನ ಸ್ನಾಯುಗಳು ಎಳೆದುಕೊಳ್ಳುತ್ತವೆ, ಅದಕ್ಕೆ ಟೆರೇಸೂ ಸಾಕು, ಓಣಿಯೂ ಸಾಕು.

ಮೊಬೈಲು ಚಾರ್ಜರುಗಳೆಲ್ಲ ಹಾಲಿನಲ್ಲೇ ಇರಲಿ, ದೊಡ್ಡವರದ್ದೂ. ಅಲಾರಂಗೆ ಒಂದು ಹಳೇ ಕಾಲದ ಗಡಿಯಾರ ತನ್ನಿ, ಇಲ್ಲದಿದ್ದರೆ ಅದೇ ನೆಪದಲ್ಲಿ ಫೋನು ಹಾಸಿಗೆಗೆ ವಾಪಸ್ ಬರುತ್ತದೆ. ಚಿಕ್ಕ ಮಗುವಿಗೆ ಮೊಬೈಲು ತೋರಿಸಿ ತುತ್ತು ಹಾಕಿದರೆ ಅದಕ್ಕೆ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ. ಎರಡರಿಂದ ನಾಲ್ಕು ವರ್ಷದವರಿಗೆ ಪರದೆ ದಿನಕ್ಕೆ ಒಂದು ಗಂಟೆ ಮೀರಬಾರದು. ದೊಡ್ಡ ಮಕ್ಕಳು ಫೋನು ಕಿತ್ತುಕೊಂಡರೆ ಕೂಗಾಡುವ, ಶಾಲೆ ಬಿಡುವ ಹಂತಕ್ಕೆ ಹೋಗಿದ್ದರೆ ಬೈದು ಪ್ರಯೋಜನವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕಾಗಿಯೇ ಒಂದು ಕ್ಲಿನಿಕ್ ಇದೆ. ದುಗುಡ, ಆತಂಕ, ಮನೆಯ ಕಿರಿಕಿರಿ ಏನೇ ಇರಲಿ, 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ನಿದ್ದೆ ದೊಡ್ಡವರಿಗೆ ಏಳು ಗಂಟೆಯಾದರೂ ಬೇಕು, ಆರರಿಂದ ಹನ್ನೆರಡು ವರ್ಷದವರಿಗೆ ಒಂಬತ್ತಕ್ಕಿಂತ ಹೆಚ್ಚು, ಹೈಸ್ಕೂಲು ಕಾಲೇಜಿನವರಿಗೆ ಎಂಟರಿಂದ ಹತ್ತು. ಸಂಜೆ ಆರರ ಕಾಫಿಯ ಅರ್ಧ ಪಾಲು ರಾತ್ರಿ ಹನ್ನೊಂದಕ್ಕೂ ರಕ್ತದಲ್ಲೇ ಇರುತ್ತದೆ ಎನ್ನುವುದನ್ನು ನಿದ್ದೆ ಬಾರದವರು ಗಮನಿಸಿ.

ಬಿಪಿ ಮೆಷಿನ್ನು

ಈಗ ಎಷ್ಟೋ ಮನೆಗಳಲ್ಲಿ ಬಿಪಿ ಮೆಷಿನ್ ಇದೆ, ಅಳೆಯುವ ರೀತಿ ಮಾತ್ರ ತಪ್ಪು. ಮೆಟ್ಟಿಲು ಹತ್ತಿ ಬಂದು, ಕಾಲ ಮೇಲೆ ಕಾಲು ಹಾಕಿ, ಶರಟಿನ ತೋಳಿನ ಮೇಲೇ ಪಟ್ಟಿ ಸುತ್ತಿ, ಮಾತಾಡುತ್ತ ಬಟನ್ ಒತ್ತುತ್ತಾರೆ. 150 ಬಂತು ಅಂತ ಗಾಬರಿ, ಗಾಬರಿಗೆ ಇನ್ನೊಂದು ಸಲ, ಈಗ 160.

ಅಳೆಯುವ ಮುಂಚೆ ಅರ್ಧ ಗಂಟೆ ಕಾಫಿ, ಬೀಡಿ ಸಿಗರೇಟು, ವಾಕಿಂಗು ಬೇಡ. ಮೂತ್ರಕ್ಕೆ ಹೋಗಿಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಪಾದ ಎರಡೂ ನೆಲಕ್ಕೆ ಊರಿ ಐದು ನಿಮಿಷ ಸುಮ್ಮನೆ ಕೂರಿ. ಪಟ್ಟಿ ಬರಿಮೈಗೆ, ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲೆ. ತೋಳು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ಜೋತುಬಿದ್ದರೆ ಅಂಕಿ ಏರುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಬಿಗಿದರೂ ಏರುತ್ತದೆ, ಅದಕ್ಕೆ ಕೊಳ್ಳುವಾಗಲೇ ತೋಳಿನ ಸುತ್ತಳತೆ ನೋಡಿ ಪಟ್ಟಿ ಕೇಳಿ. ಮಣಿಕಟ್ಟಿಗೆ ಕಟ್ಟುವ ಮೆಷಿನ್ನುಗಳನ್ನು ನಂಬುವುದು ಕಷ್ಟ. ಒಂದು ನಿಮಿಷ ಬಿಟ್ಟು ಎರಡು ಸಲ ಅಳೆಯಿರಿ, ಬೆಳಿಗ್ಗೆ ಮಾತ್ರೆಗೆ ಮುಂಚೆ, ಮತ್ತೆ ಸಂಜೆ. ಹೀಗೆ ಏಳು ದಿನ ಬರೆದು, ಮೊದಲ ದಿನದ್ದನ್ನು ಹೊಡೆದುಹಾಕಿ, ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯಲ್ಲಿ ಅಳೆದ ಸರಾಸರಿ 135/85 ಮುಟ್ಟಿದರೆ ಆ ಹಾಳೆ ಹಿಡಿದು ಡಾಕ್ಟರ ಹತ್ತಿರ ಹೋಗಿ. ಆಸ್ಪತ್ರೆಯಲ್ಲಿ ಅಳೆದಾಗ 140/90 ಗಡಿ. 180/120 ದಾಟಿ ಎದೆನೋವು, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು ಇದ್ದರೆ ಸರಾಸರಿ ಗಿರಾಸರಿ ಏನೂ ಬೇಡ, 108.

ಮೆಷಿನ್ ಇಲ್ಲದವರು ಸರಕಾರದ "ನಮ್ಮ ಕ್ಲಿನಿಕ್"ನಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ನೋಡಿಸಿಕೊಳ್ಳಬಹುದು. 30 ದಾಟಿದ ಎಲ್ಲರಿಗೂ ಅಲ್ಲಿ ಬಿಪಿ, ಶುಗರ್ ನೋಡುತ್ತಾರೆ. ಇನ್ನು ದರ್ಜಿಯ ಟೇಪು ಎಲ್ಲರ ಮನೆಯಲ್ಲೂ ಇರುತ್ತದೆ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ ಅಳೆದರೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಹೊಟ್ಟೆ ಒಳಗೆಳೆದುಕೊಂಡು ಅಳೆಯುವವರ ಅಂಕಿಯನ್ನು ಅವರೇ ಇಟ್ಟುಕೊಳ್ಳಲಿ.

ನಡಿಗೆಯ ಬಗ್ಗೆ ನಿಮಗೆಲ್ಲ ಗೊತ್ತಿದೆ: ವಾರಕ್ಕೆ 150 ನಿಮಿಷ, ಮಾತಾಡಲು ಆಗಬೇಕು ಹಾಡಲು ಆಗಬಾರದು ಅನ್ನುವಷ್ಟು ಬಿರುಸು. ಮರೆತುಹೋಗುವುದು ಬಲದ ಕೆಲಸ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಎರಡು ಸುತ್ತು, ವಾರಕ್ಕೆ ಎರಡು ಮೂರು ದಿನ. ಅಕ್ಕಿ ಬೇಯುವ ಹೊತ್ತಿನಲ್ಲಿ ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಅಜ್ಜ ಅಜ್ಜಿಯರಿಗೆ ಇದು ಬಚ್ಚಲಲ್ಲಿ ಬೀಳದಂತೆ ಕಾಯುತ್ತದೆ.

ಕೇಳಿದ ಪ್ರಶ್ನೆಗಳು

ಕಲ್ಲುಪ್ಪು, ಪಿಂಕ್ ಸಾಲ್ಟು ಒಳ್ಳೆಯದಲ್ಲವೇ ಎಂದು ಒಬ್ಬರು ಕೇಳಿದರು. ಸೋಡಿಯಂ ಎಲ್ಲದರಲ್ಲೂ ಸರಿಸುಮಾರು ಅಷ್ಟೇ. ಹರಳು ದಪ್ಪವಿರುವುದರಿಂದ ಚಮಚಕ್ಕೆ ಕಡಿಮೆ ಹಿಡಿಯುತ್ತದೆ, ಅಷ್ಟು ಮಾತ್ರ ಲಾಭ. ಇವುಗಳಲ್ಲಿ ಬಹಳಷ್ಟಕ್ಕೆ ಅಯೋಡಿನ್ ಸೇರಿಸಿರುವುದಿಲ್ಲ; ಬಸುರಿಯರು, ಮಕ್ಕಳು ಇರುವ ಮನೆಯಲ್ಲಿ ಅದು ಸಣ್ಣ ವಿಷಯವಲ್ಲ. ಅಯೋಡಿನ್ ಉಪ್ಪನ್ನು ಮುಚ್ಚಳ ಬಿಗಿಯಾದ ಡಬ್ಬದಲ್ಲಿ, ಒಲೆಯಿಂದ ದೂರ ಇಡಿ. ಶಾಖ, ತೇವಕ್ಕೆ ಅಯೋಡಿನ್ ಹಾರಿಹೋಗುತ್ತದೆ.

ಇನ್ನೊಬ್ಬರು, "ಹಬ್ಬದ ತಿಂಗಳು ಈ ಲೆಕ್ಕ ಹೇಗೆ? ಯುಗಾದಿ ಹೋಳಿಗೆಗೇ ಎರಡು ಕೆಜಿ ಬೆಲ್ಲ ಬೇಕು" ಎಂದರು. ಹೋಳಿಗೆ ಮಾಡಿ, ತುಪ್ಪ ಹಾಕಿಕೊಂಡೇ ತಿನ್ನಿ. ಹಬ್ಬದ ಸಾಮಾನಿಗೆ ಬೇರೆ ಚೀಟಿ ಬರೆಯಿರಿ, ತಿಂಗಳ ಚೀಟಿಗೆ ಬೆರೆಸಬೇಡಿ. ಬೆರೆಸಿದರೆ ಆಗುವುದಿಷ್ಟು: ಹಬ್ಬ ಮುಗಿದು ಅರ್ಧ ಕೆಜಿ ಬೆಲ್ಲ, ಒಂದು ಲೀಟರ್ ಎಣ್ಣೆ ಉಳಿದಿರುತ್ತದೆ, ಮುಂದಿನ ತಿಂಗಳು ಹಳೆಯ ಚೀಟಿ ನೋಡಿ ಅಷ್ಟೇ ಮತ್ತೆ ಬರೆಯುತ್ತೀರಿ. ಉಳಿದದ್ದನ್ನು ತೂಕ ಹಾಕಿ ಮುಂದಿನ ಚೀಟಿಯಲ್ಲಿ ಅಷ್ಟು ಕಳೆಯಿರಿ. ಕಣಕದ ಮೈದಾ ಉಳಿದಿದ್ದರೆ ಅದನ್ನೂ.